ಮಣ್ಣಿಗಿಟ್ಟ ನಂಬರು

ಹೋದ ವಾರ ಒಂದು ಮದುವೆಗೆಂದು ಗುಂಡ್ಲುಪೇಟೆಗೆ ಹೋಗಿದ್ದೆ. ನಾವು ಚಾಮರಾಜನಗರಕ್ಕೆ ಬಂದು ನೆಲೆಸಿದ ಮೇಲೆ ಆ ಕಡೆ ಹೋಗುವುದು ಕಡಿಮೆಯಾಗಿದೆ. ಬಸ್ಸಿಳಿದು ಹಳೆಯ ಬೀದಿಯಲ್ಲಿ ನಡೆಯುತ್ತಿದ್ದೆ. ಸೊಸೈಟಿಯ ಬಾಗಿಲು ಅರ್ಧ ತೆರೆದಿತ್ತು. ನ್ಯಾಯಬೆಲೆ ಅಂಗಡಿಗೆ ನಮ್ಮ ಕಡೆ ಎಲ್ಲರೂ ಸೊಸೈಟಿ ಎಂದೇ ಹೇಳುವುದು. ಒಳಗಿನಿಂದ ಆ ವಾಸನೆ ಬಂತು. ಮಳೆಗೆ ತೇವವಾದ ಗೋಣಿ, ಅಕ್ಕಿಯ ಧೂಳು, ಎಷ್ಟೋ ವರ್ಷಗಳ ಹಿಂದೆ ನೆಲಕ್ಕೆ ಚೆಲ್ಲಿ ಇನ್ನೂ ಒಣಗದಂತಿರುವ ಸೀಮೆಎಣ್ಣೆ. ನನ್ನ ಕಾಲು ನಿಂತಿತು. ಕೈ ತಾನಾಗಿ ಬ್ಯಾಗಿನೊಳಗೆ ಹೋಗಿ ಫೋನನ್ನು ಮುಟ್ಟಿ ನೋಡಿತು, ಅದು ಬಡಿದುಕೊಳ್ಳುತ್ತಿದೆಯೇನೋ ಎಂಬಂತೆ. ಬಡಿದುಕೊಳ್ಳುತ್ತಿರಲಿಲ್ಲ.

ಆ ಒಂದು ಮಳೆಗಾಲದ ಮಾತು ಇದು.

ಆ ವರ್ಷ ಆಷಾಢ ಹುಟ್ಟುವ ಹೊತ್ತಿಗೆ ನನ್ನ ಗಂಡ ಮಂಚ ಹಿಡಿದಿದ್ದರು. ಇವರು ತರಕಾರಿ ಮಂಡಿಯಿಂದ ಕೇರಳದ ಕಡೆಗೆ ಗೂಡ್ಸ್ ಆಟೋ ಓಡಿಸುತ್ತಿದ್ದರು. ಘಾಟಿಯ ತಿರುವಿನಲ್ಲಿ ಮಂಜಿನೊಳಗೆ ಎದುರಿನ ಲಾರಿ ಕಾಣದೆ ಆಟೋ ಪಕ್ಕಕ್ಕೆ ಮಗುಚಿತು. ಇವರು ಬೀನ್ಸಿನ ಮೂಟೆಗಳ ಮೇಲೆ ಬಿದ್ದದ್ದರಿಂದ ಜೀವ ಉಳಿಯಿತು, ಕಾಲು ಉಳಿಯಲಿಲ್ಲ ಎನ್ನುವಷ್ಟು ಮುರಿಯಿತು. ರಾಡು ಹಾಕಿ ಕಳಿಸಿದ ಡಾಕ್ಟರು, ಮೂರು ತಿಂಗಳು ಪಾದ ನೆಲಕ್ಕೆ ತಾಗಕೂಡದು ಎಂದಿದ್ದರು. ಅಲ್ಲಿಯವರೆಗೆ ಸೊಸೈಟಿ ಅಕ್ಕಿ ನಮ್ಮ ಮನೆಯಲ್ಲಿ ದೋಸೆಗೋ ಇಡ್ಲಿಗೋ ಆಗುತ್ತಿತ್ತು. ಆ ತಿಂಗಳಿಂದ ಅದೇ ಅನ್ನ, ಅದೇ ಗಂಜಿ.

ಕಾರ್ಡಿನಲ್ಲಿ ಮೂರು ಹೆಸರಿದ್ದವು. ಮನೆಯ ಯಜಮಾನಿಯಾಗಿ ನನ್ನ ಅತ್ತೆ ಕೆಂಪಮ್ಮ, ನನ್ನ ಮಾವ, ಇವರು. ನನ್ನ ಹೆಸರು ಮದುವೆಯಾಗಿ ಎಂಟು ವರ್ಷವಾದರೂ ಚಾಮರಾಜನಗರದ ತವರಿನ ಕಾರ್ಡಿನಲ್ಲೇ ಇತ್ತು. ಅಲ್ಲಿ ತೆಗೆಸದೆ ಇಲ್ಲಿ ಸೇರಿಸುವಂತಿಲ್ಲ. ಸೇರಿಸಲು ಹೋದಾಗಲೆಲ್ಲ ಸೈಬರ್ ಅಂಗಡಿಯವರು "ಸೈಟು ಓಪನ್ ಆಗಿಲ್ಲ ಅಕ್ಕ" ಎನ್ನುತ್ತಿದ್ದರು. ನನ್ನ ಜೊತೆಗೆ ಮಗಳು ಅನುವಿನ ಹೆಸರೂ ಹೊರಗೇ ಉಳಿದಿತ್ತು. ಇನ್ನೊಂದು ವಿಷಯ ಹೇಳಲೇಬೇಕು. ಮಾವ ಹಿಂದಿನ ವರ್ಷದ ಬೇಸಿಗೆಯಲ್ಲೇ ತೀರಿಕೊಂಡಿದ್ದರು. ಅವರ ಹೆಸರನ್ನು ನಾವು ತೆಗೆಸಿರಲಿಲ್ಲ. ಇವತ್ತು ನಾಳೆ ಎಂದು ದಿನ ಹೋಯಿತು. ಹಾಗಾಗಿ ಮಾವನ ಪಾಲಿನ ಅಕ್ಕಿ ತಿಂಗಳು ತಿಂಗಳೂ ಬರುತ್ತಿತ್ತು, ಅದನ್ನು ನಾನೂ ಮಗಳೂ ಉಣ್ಣುತ್ತಿದ್ದೆವು. ನಾನು ಓದಿದ್ದು ಕಾನ್ವೆಂಟಿನಲ್ಲಿ. ಬೇರೆಯವರ ಪೆನ್ಸಿಲ್ ಚೂರು ಸಿಕ್ಕಿದರೂ ಸಿಸ್ಟರ್ ಮೇಜಿನ ಮೇಲೆ ಇಡಬೇಕೆಂದು ಕಲಿತವಳು. ಅನ್ನ ಕಲಸುವಾಗ ಒಮ್ಮೊಮ್ಮೆ ಬೆರಳು ತಡೆಯುತ್ತಿತ್ತು.

ಮಾವ ಅಳೆಯುವ ಕೆಲಸದವರು. ದವಸದ ಮಂಡಿಯಲ್ಲಿ, ಸುತ್ತಿನ ಹಳ್ಳಿಗಳ ಕಣದಲ್ಲಿ ರಾಗಿ, ಜೋಳ, ಹುರುಳಿ ಅಳೆದು ಕೊಡುತ್ತಿದ್ದರು. ಅಳೆಯುವವರು ಮೊದಲ ಅಳತೆಗೆ ಒಂದು ಎನ್ನುವುದಿಲ್ಲ, 'ಲಾಭ' ಎನ್ನುತ್ತಾರೆ. ಲಾಭ, ಎರಡು, ಮೂರು ಎಂದು ಎಣಿಕೆ ಸಾಗುತ್ತದೆ. ಮಾವನಿಗೆ ಅದು ಎಷ್ಟು ಹತ್ತಿಬಿಟ್ಟಿತ್ತೆಂದರೆ ಮೊಮ್ಮಗಳಿಗೆ ಬೆರಳು ಎಣಿಸಲು ಕಲಿಸುವಾಗಲೂ ಹೆಬ್ಬೆಟ್ಟು ಹಿಡಿದು ಲಾಭ ಎನ್ನುತ್ತಿದ್ದರು. ಅನು ಶಾಲೆಯಲ್ಲಿ ಹಾಗೇ ಹೇಳಿ ಟೀಚರಿಂದ ಬೈಸಿಕೊಂಡು ಬಂದಿದ್ದಳು.

ಅವರ ಬಳಿ ಒಂದು ಗುಂಡಿ ಒತ್ತುವ ಫೋನಿತ್ತು. ಯಾವ ಕಣಕ್ಕೆ ಯಾವಾಗ ಕರೆ ಬರುತ್ತದೋ ಎಂದು ಅದು ಸದಾ ಅಂಗಿಯ ಎಡ ಜೇಬಿನಲ್ಲಿ. ತೀರಿಕೊಂಡಾಗಲೂ ಅಲ್ಲೇ ಇತ್ತು. ನಮ್ಮಲ್ಲಿ ಮಣ್ಣು ಮಾಡುತ್ತಾರೆ. ಎಲೆಅಡಿಕೆ ಚೀಲ ಗುಣಿಯೊಳಗಿಡುವಾಗ ಇವರು ಫೋನನ್ನು ತೆಗೆದುಕೊಳ್ಳಲು ಹೋದರು. ಅತ್ತೆ ಬಿಡಲಿಲ್ಲ. "ಅದ್ನೂ ಇಡ್ಲಾ. ಅದಿಲ್ದೆ ಒಂದಿನ ಇದ್ದೋರಲ್ಲ ಅವ್ರು" ಎಂದರು. ಹೀಗೆ ಫೋನು ಸಿಮ್ಮಿನ ಸಮೇತ ಮಣ್ಣಿಗೆ ಹೋಯಿತು. ರೇಷನ್ ಕಾರ್ಡಿಗೆ ಕೊಟ್ಟಿದ್ದ ನಂಬರು ಅದೇ ಎಂಬುದು ಆ ಹೊತ್ತಿನಲ್ಲಿ ಯಾರ ತಲೆಗೂ ಹೊಳೆಯಲಿಲ್ಲ.

ಅಲ್ಲಿಯವರೆಗೆ ಸೊಸೈಟಿಗೆ ಹೋಗಿ ಹೆಬ್ಬೆಟ್ಟು ಕೊಡುತ್ತಿದ್ದವರು ಇವರು. ಈಗ ಅತ್ತೆಯೇ ಕೊಡಬೇಕು. ಮೊದಲ ದಿನ ಬೆಳಿಗ್ಗೆ ಏಳಕ್ಕೇ ನಾನು ಹೋಗಿ ಸಾಲಿನಲ್ಲಿ ಚೀಲ ಇಟ್ಟು ಬಂದೆ. ಅಲ್ಲಿ ಜನ ನಿಲ್ಲುವುದಿಲ್ಲ, ಚೀಲಗಳು ನಿಲ್ಲುತ್ತವೆ. ಗೊಬ್ಬರದ ಚೀಲ, ಸಿಮೆಂಟಿನ ಚೀಲ, ಒಂದು ಹರಿದ ಶಾಲಾ ಬ್ಯಾಗು, ಚೀಲ ಮರೆತವರದು ಒಂದು ಕಲ್ಲು, ಒಂದು ಜೊತೆ ಚಪ್ಪಲಿ. ಸೋನೆ ಹನಿಯುತ್ತಿತ್ತು. ಹೆದ್ದಾರಿಯಲ್ಲಿ ಲಾರಿಗಳು ಹಗಲಲ್ಲೇ ದೀಪ ಹಾಕಿಕೊಂಡು ಮಂಜಿನಿಂದ ಮಂಜಿಗೆ ಹೋಗುತ್ತಿದ್ದವು. ಮನುಷ್ಯರಿಲ್ಲದ ಆ ಸಾಲು ಗೋಡೆಯುದ್ದಕ್ಕೂ ತಾಳ್ಮೆಯಿಂದ ಕಾಯುತ್ತಿತ್ತು. ನಮ್ಮದು ಮಾವನ ಹಳದಿ ಗೊಬ್ಬರದ ಚೀಲ, ಬಾಯಿಗೆ ಅವರೇ ಕೆಂಪು ದಾರದಲ್ಲಿ ಹಾಕಿದ್ದ ಮೂರು ಹೊಲಿಗೆ.

ನಮ್ಮ ಸರದಿ ಬಂದಾಗ ಸೊಸೈಟಿಯ ನಂಜುಂಡಸ್ವಾಮಿ ಅತ್ತೆಯ ಹೆಬ್ಬೆಟ್ಟನ್ನು ಯಂತ್ರದ ಮೇಲಿಟ್ಟ. ಯಂತ್ರ ಕೀಂ ಎಂದು ಕೆಂಪಾಯಿತು. ಇನ್ನೊಂದು ಬೆರಳು. ಕೆಂಪು. ಸೆರಗಿಗೆ ಒರೆಸಿ ಮತ್ತೊಂದು.

"ದೊಡ್ಡವ್ವ, ಒತ್ತಿ ಇಡ್ಕ, ಅಲ್ಲಾಡ್ಸ್‌ಬ್ಯಾಡ" ಎಂದ ನಂಜುಂಡಸ್ವಾಮಿ.

"ಒತ್ತೀನಿ ಕನಪ್ಪ. ಇನ್ನೆಷ್ಟು ಒತ್ತನೆ?"

ಹಿಂದೆ ನಿಂತಿದ್ದ ರತ್ನಮ್ಮ ಬಾಯಿ ಹಾಕಿದಳು. ಅವಳು ನಮ್ಮ ಪಕ್ಕದ ಮನೆಯವಳು, ಅತ್ತೆಯ ಜೊತೆ ಇಪ್ಪತ್ತು ವರ್ಷ ಮಂಡಿಯಲ್ಲಿ ಸಣ್ಣ ಈರುಳ್ಳಿ ಸುಲಿದವಳು. "ಈರುಳ್ಳಿ ಸುಲ್ದೂ ಸುಲ್ದೂ ಬ್ರಹ್ಮ ಬರ್ದಿದ್ ಗೆರೆನೂ ಸುಲ್ದಾಕ್‌ಬುಟ್ಟವಳೆ ಕನಪ್ಪ ನಮ್ ಕೆಂಪಕ್ಕ. ಮಿಷನ್ ಏನ್ ಮಾಡ್ತದೆ?" ಎಂದಳು. ಎಲ್ಲರೂ ನಕ್ಕರು. ಅತ್ತೆಯೂ ನಕ್ಕು ತನ್ನ ಹೆಬ್ಬೆಟ್ಟನ್ನು ತಾನೇ ತಿರುಗಿಸಿ ನೋಡಿಕೊಂಡರು. ಹುಣಿಸೆ ಬೀಜದಂತೆ ನುಣ್ಣಗೆ ಹೊಳೆಯುತ್ತಿತ್ತು.

ಇವರನ್ನು ಹೊತ್ತು ತರುವಂತಿಲ್ಲ, ಯಂತ್ರವನ್ನು ಮನೆಗೆ ಒಯ್ದರೆ ನೆಟ್ಟು ಸಿಗುವುದಿಲ್ಲ. "ಓಟಿಪಿ ಅದೆ, ತಡೀರಿ" ಎಂದು ನಂಜುಂಡಸ್ವಾಮಿ ಏನೋ ಒತ್ತಿ, ಕಾರ್ಡಿನಲ್ಲಿದ್ದ ನಂಬರಿನ ಕೊನೆಯ ಅಂಕಿಗಳನ್ನು ಓದಿದ. "ಇದ್ಕೆ ಮೆಸೇಜ್ ಓಗದೆ. ಯಾರ್ದು ನಂಬ್ರು?"

ನನಗೆ ಗೊತ್ತಿತ್ತು. ಅತ್ತೆಗೂ ಗೊತ್ತಾಯಿತು. ಅವರು ನೆಲ ನೋಡಿದರು.

"ಮಾದಪ್ಪಣ್ಣನ್ದಲ್ವಾ? ಆ ಫೋನ್ ಎಲ್ಲದೆ ಈಗ?"

ರತ್ನಮ್ಮನೇ ಹೇಳಿದಳು. "ಮಾದಪ್ಪಣ್ಣನ್ ಜೊತೇಲೆ ಅದೆ."

ಈ ಸಲ ಯಾರೂ ನಗಲಿಲ್ಲ. ನಂಜುಂಡಸ್ವಾಮಿ ಸ್ವಲ್ಪ ಹೊತ್ತು ತಕ್ಕಡಿಯನ್ನೇ ನೋಡಿ, "ಸುಮ್ನೆ ಒಂದ್ಸಲ ಆ ನಂಬ್ರುಗೆ ಫೋನ್ ಮಾಡ್ ನೋಡಕ್ಕ" ಎಂದ. ನಾನು ಫೋನು ತೆಗೆದೆ. ಆ ನಂಬರು ನನ್ನಲ್ಲಿ 'ಮಾವ' ಎಂದೇ ಇತ್ತು, ಜೊತೆಗೆ ಗೋಪಾಲಸ್ವಾಮಿ ಬೆಟ್ಟದಲ್ಲಿ ತೆಗೆದ ಅವರ ಫೋಟೋ. ಹಿಂದೆ ಬರಿಯ ಮಂಜು, ಮುಂದೆ ಬಿಳಿ ರುಮಾಲಿನ ಮುಖ. ಒತ್ತಿದೆ. ಚಾಲ್ತಿಯಲ್ಲಿಲ್ಲ ಎಂಬ ಹೆಣ್ಣುದನಿಗೆ ಕಾಯುತ್ತಿದ್ದೆ.

ಅದು ರಿಂಗಾಯಿತು.

ಮೂರನೆಯ ರಿಂಗಿಗೆ ಯಾರೋ ಎತ್ತಿದರು. ಎರಡು ಸಲ ಕೆಮ್ಮು. ಒಣ ಕೆಮ್ಮು, ದವಸದ ಧೂಳು ಕುಡಿದವರದು.

"ನಮಸ್ಕಾರ, ತಪ್ಪು ತಿಳಿಯಬೇಡಿ. ನಿಮ್ಮ ಫೋನಿಗೆ ಈಗೊಂದು ನಂಬರು..." ಎಂದು ನಾನು ಕಾನ್ವೆಂಟಿನ ಹುಡುಗಿಯಂತೆ ಶುರು ಮಾಡಿದೆ.

"ಬಂದದೆ. ಬರ್ಕವ್ವ" ಎಂದಿತು ಗಂಡಸಿನ ದನಿ. ವಯಸ್ಸಾದ ದನಿ. ನಾನು ಗಾಬರಿಯಲ್ಲಿ ಸ್ಪೀಕರ್ ಒತ್ತಿದ್ದೆ, ಎಲ್ಲರಿಗೂ ಕೇಳುತ್ತಿತ್ತು. "ಲಾಭ... ನಾಕು... ಒಂಬತ್ತು... ಎಲ್ಡು... ಎಲ್ಡು... ಸೊನ್ನೆ."

ಅಷ್ಟೇ. ಕಟ್ಟಾಯಿತು. ನಂಜುಂಡಸ್ವಾಮಿಯ ಬೆರಳು ಯಂತ್ರದ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ಯಾರನ್ನೂ ಕೇಳದೆ ಮೊದಲು ಒಂದು ಒತ್ತಿದ, ಮಿಕ್ಕದ್ದನ್ನೂ ಒತ್ತಿದ. ಯಂತ್ರ ಹಸಿರಾಗಿ ಚೀಟಿ ಉಗುಳಿತು. ಸಾಲಿನಲ್ಲಿ ನಾಲ್ಕು ಜನ ತಮಗೆ ಗೊತ್ತಿಲ್ಲದೆ ಒಂದೊಂದು ಹೆಜ್ಜೆ ಹಿಂದೆ ಸರಿದಿದ್ದರು.

ಮನೆಗೆ ಬಂದು ಹೇಳಿದರೆ ಇವರು ನಕ್ಕರು. "ಅಪ್ಪನ ಸಿಮ್ಮಿಗೆ ಕರೆನ್ಸಿ ಹಾಕ್ದೆ ವರ್ಷ ಆಯ್ತು. ಕಂಪ್ನಿಯೋರು ಆ ನಂಬರ್ನ ಬೇರೆ ಯಾರಿಗೋ ಕೊಟ್ಟವ್ರೆ. ಎಲ್ಲಾ ಕಡೆ ಇದೇ ಕತೆ."

"ಲಾಭ ಅಂದರಲ್ಲ?"

"ಅಳೆಯೋರೆಲ್ಲ ಲಾಭ ಅಂತನೆ ಅನ್ನದು. ಬೇಗೂರ್ ಒಂದ್ರಲ್ಲೇ ಹತ್ತು ಜನ ಸಿಕ್ತಾರೆ."

ಸರಿಯಾದ ಮಾತು. ಅದಕ್ಕಿಂತ ಸರಿಯಾದ ವಿವರಣೆ ನನ್ನಲ್ಲಿ ಈಗಲೂ ಇಲ್ಲ. ಆದರೆ ಪಟ್ಟಿಯೊಳಗೆ ಕಡ್ಡಿ ತೂರಿಸಿ ಕಾಲು ಕೆರೆದುಕೊಳ್ಳುತ್ತಿದ್ದ ಇವರ ಕೈ ಅಲ್ಲೇ ನಿಂತಿದ್ದನ್ನು ನಾನು ನೋಡಿದೆ.

ಒಲೆಯ ಮುಂದೆ ಅತ್ತೆ ನನ್ನನ್ನು ಕೇಳಿದ್ದು ಒಂದೇ. "ಎಷ್ಟ್ ಸಲ ಕೆಮ್ಮುದ್ರು ಸೋಬ?"

"ಎರಡು ಸಲ."

ಅವರು ತಲೆಯಾಡಿಸಿದರು. ಸೊಸೈಟಿ ಅಕ್ಕಿಯಲ್ಲಿ ಬೆಳ್ಳಗೆ ನುಣ್ಣಗಿರುವ ಕಾಳುಗಳು ಬೆರೆತಿರುತ್ತವೆ. ಸತ್ವ ಸೇರಿಸಿದ ಅಕ್ಕಿ ಅದು ಎಂದು ನಾನು ಎಷ್ಟು ಹೇಳಿದರೂ ಅತ್ತೆಗೆ ಅದು ಪ್ಲಾಸ್ಟಿಕ್ ಅಕ್ಕಿ. ಮೊರದಲ್ಲಿ ಹರಡಿ ಒಂದೊಂದನ್ನೂ ಆರಿಸಿ ಎಸೆಯುತ್ತಿದ್ದರು. ಆ ದಿನ ಆರಿಸಲಿಲ್ಲ. ನಾನು ಮೊರ ತಂದಿಟ್ಟರೆ ಪಕ್ಕಕ್ಕೆ ಸರಿಸಿದರು. "ಬ್ಯಾಡ. ಅವ್ರು ಕೊಡ್ಸಿರದು. ಆರ್ಸ್‌ಬಾರ್ದು."

ಶ್ರಾವಣದಲ್ಲಿ ರೇಷನ್ ಕೊಡುವ ದಿನ ಅತ್ತೆ ತಲೆಗೆ ನೀರು ಹಾಕಿಕೊಂಡು ಹಸಿರು ಸೀರೆ ಉಟ್ಟರು. ನಾನು ಏನೂ ಕೇಳಲಿಲ್ಲ. ಬೆಳಿಗ್ಗೆ ನಾನು ಒಂಬತ್ತನೆಯದಾಗಿ ಇಟ್ಟಿದ್ದ ಹಳದಿ ಚೀಲ ನಾವು ಹೋಗುವ ಹೊತ್ತಿಗೆ ಮೂರನೆಯದಾಗಿತ್ತು. ಮುಂದಿನವರು ಬೇಸತ್ತು ಚೀಲ ಎತ್ತಿಕೊಂಡು ಹೋಗಿರಬೇಕು. "ನಾನ್ ಮುಟ್ಟಿಲ್ಲ ಕನಮ್ಮಿ" ಎಂದಳು ರತ್ನಮ್ಮ, ನಾನು ಕೇಳುವ ಮೊದಲೇ. ಚೀಲದ ಬಾಯಿ ಒಳಗಡೆಗೆ ಎರಡು ಸುತ್ತು ಮಡಿಚಿತ್ತು. ಮಾವ ಹಾಗೇ ಮಡಿಚುತ್ತಿದ್ದರು. ನಾನೇ ಅಭ್ಯಾಸದಲ್ಲಿ ಹಾಗೆ ಮಡಿಚಿ ಇಟ್ಟಿದ್ದೆನೋ ಏನೋ, ನೆನಪಾಗಲಿಲ್ಲ.

ಮತ್ತೆ ಹೆಬ್ಬೆಟ್ಟು, ಮತ್ತೆ ಕೆಂಪು. ಮೂರು ರಿಂಗು, ಎರಡು ಕೆಮ್ಮು. ಈ ಸಲ ಅಂಕಿಗಳ ನಡುವೆ ಒಂದು ಬಂತು, ಅದನ್ನೂ ಲಾಭ ಎಂದರು. ಅವರ ಹಿಂದುಗಡೆ ಒಂದು ಸದ್ದು ಕೇಳುತ್ತಿತ್ತು. ಎತ್ತರದಿಂದ ಕಾಳು ಸುರಿಯುವ ಸದ್ದು, ನಿಲ್ಲುವುದು, ಮತ್ತೆ ಸುರಿಯುವುದು. ಮಳೆಯೂ ಇರಬಹುದು. ಅತ್ತೆ ನನ್ನ ಭುಜಕ್ಕೆ ಕೆನ್ನೆ ತಾಗುವಷ್ಟು ಹತ್ತಿರ ನಿಂತಿದ್ದರು, ಸೆರಗು ತಲೆಯ ಮೇಲಿತ್ತು. ಒಂದು ಮಾತೂ ಆಡಲಿಲ್ಲ.

ದಾರಿಯಲ್ಲಿ ನಾನೇ ಕೇಳಿದೆ. "ಅತ್ತೆ, ನೀವ್ಯಾಕೆ ಮಾತಾಡಲಿಲ್ಲ?"

"ನಾಕ್ ಜನದ್ ಮುಂದ ಏನಂತ ಮಾತಾಡನೆ?" ಎಂದು ನನ್ನನ್ನೇ ಗದರಿದರು. ಆಮೇಲೆ ಸ್ವಲ್ಪ ದೂರ ನಡೆದು, "ಕೆಮ್ಮು ಜಾಸ್ತಿ ಆಗದೆ. ಅಲ್ಲೂ ತ್ಯಾವ ಇದ್ದದು" ಎಂದರು.

ಅವರ ದನಿಯಲ್ಲಿ ಭಯವಿರಲಿಲ್ಲ, ದುಃಖವೂ ಇರಲಿಲ್ಲ. ಪಕ್ಕದೂರಿಗೆ ಕೆಲಸಕ್ಕೆ ಹೋದವರ ಬಗ್ಗೆ ಹೇಳುವಂತೆ ಹೇಳಿದರು.

ನಾನು ಬೇಕೆಂದಿದ್ದರೆ ಬೇರೆ ಹೊತ್ತಿನಲ್ಲಿ ಫೋನು ಮಾಡಿ, ಸ್ವಾಮಿ ನೀವು ಯಾರು, ಯಾವ ಊರು ಎಂದು ಕೇಳಬಹುದಿತ್ತು. ಇವರೂ ಹೇಳಿದರು. ಎರಡು ಸಲ ಫೋನು ಕೈಗೆತ್ತಿಕೊಂಡು ಆ ಮಂಜಿನ ಫೋಟೋ ನೋಡಿ ಕೆಳಗಿಟ್ಟೆ. ಕೇಳಿದರೆ ಅವರು ಯಾವುದೋ ಒಂದು ಹೆಸರು ಹೇಳುತ್ತಾರೆ. ಬೇರೆ ಹೆಸರು ಹೇಳಿದರೆ ಅತ್ತೆಗೇನು ಹೇಳಲಿ? ಅದೇ ಹೆಸರು ಹೇಳಿದರೆ ನಾನೇನು ಮಾಡಲಿ?

ಭಾದ್ರಪದದ ಮೊದಲಿಗೆ ಸೊಸೈಟಿಯ ಬಾಗಿಲಿಗೆ ಒಂದು ಕಾಗದ ಅಂಟಿಸಿದ್ದರು. ತಿಂಗಳ ಕೊನೆಯೊಳಗೆ ಕಾರ್ಡಿನಲ್ಲಿರುವ ಪ್ರತಿಯೊಬ್ಬರೂ ಇ-ಕೆವೈಸಿ ಮಾಡಿಸಬೇಕು, ತೀರಿಕೊಂಡವರ ಹೆಸರು ತೆಗೆಸಬೇಕು, ಇಲ್ಲದಿದ್ದರೆ ಕಾರ್ಡಿಗೇ ಅಕ್ಕಿ ನಿಲ್ಲುತ್ತದೆ. ನಂಜುಂಡಸ್ವಾಮಿ ಅದನ್ನು ಬೆರಳಿಟ್ಟು ತೋರಿಸಿದ. "ನಿನ್ ಮಗ ಕುಂಟ್ಕಂಡೋ ತೆವ್ಳ್‌ಕಂಡೋ ಬಂದು ಎಬ್ಬೆಟ್ಟು ಕೊಡ್ತನೆ. ನಿನ್ಗೆ ತಾಲೂಕಾಪೀಸಲ್ಲಿ ಕಣ್ಣಿನ್ ಮಿಷನ್ ಅದೆ. ಮಾದಪ್ಪಣ್ಣನ್ ತಂಬು ಎಲ್ಲಿಂದ ತರದು ದೊಡ್ಡವ್ವ?"

ಆ ತಿಂಗಳ ನಂಬರನ್ನು ದನಿ ನಿಧಾನವಾಗಿ ಓದಿತು. "ವಸಿ ತಡಿಯವ್ವ, ಕಣ್ ಕಾಣ್ನಿಲ್ಲ, ಕತ್ಲು" ಎಂದಿತು. ಆಗ ಹೊರಗೆ ಹತ್ತೂವರೆಯ ಬಿಸಿಲು. ಎಷ್ಟೋ ದಿನದ ಮೇಲೆ ಬಿದ್ದ ಬಿಸಿಲು.

ಅತ್ತೆ ಹೆಸರು ತೆಗೆಸಲು ಒಪ್ಪಲಿಲ್ಲ. ಮಗ ಹೇಳಿದರು, ನಾನು ಹೇಳಿದೆ, ರತ್ನಮ್ಮ ಬಂದು ಬೈದಳು. "ಕೆಂಪಕ್ಕ, ಇದ್ದೋರ್ ಒಟ್ಟೆ ನೋಡು ಮೊದ್ಲು."

"ಮಣ್ ಮಾಡ್ದೊ, ತಿಥಿ ಮಾಡ್ದೊ. ಇನ್ನ ಕಾರ್ಡಿಂದ್ಲೂ ಆಚ್ಗಾಕ್‌ಬೇಕಾ?" ಎಂದು ಅತ್ತೆ ಗೋಡೆಗೆ ಮುಖ ಮಾಡಿ ಕೂತರು. ರತ್ನಮ್ಮ ಹೋದ ಮೇಲೆ ಮೆಲ್ಲಗೆ ಕೇಳಿದರು. "ಎಸ್ರು ತಗ್ಸುದ್ರೆ ನಂಬ್ರೂ ಓಯ್ತದಾ ಸೋಬ?"

ಸುಳ್ಳು ಹೇಳಲಾಗಲಿಲ್ಲ. "ಹೋಗುತ್ತೆ ಅತ್ತೆ. ಅದರ ಜಾಗಕ್ಕೆ ನನ್ನ ನಂಬರು ಹಾಕ್ತಾರೆ."

ಆ ವಾರ ಸೈಟು ತೆರೆದಿದೆ ಎಂದು ಸೈಬರ್ ಅಂಗಡಿಯವರು ಹೇಳಿದ್ದರಿಂದ ನಾನು ಚಾಮರಾಜನಗರಕ್ಕೆ ಹೋಗಿ ತವರಿನ ಕಾರ್ಡಿನಿಂದ ನನ್ನ ಹೆಸರು ತೆಗೆಸಿದೆ. ಗಾಜಿನಾಚೆಗಿನ ಗುಮಾಸ್ತರು ಒಂದು ಸಲ ನನ್ನ ಮುಖ ನೋಡಿ, ಒಂದು ಸಲ ಕಂಪ್ಯೂಟರ್ ನೋಡಿ, ಒಂದು ಗುಂಡಿ ಒತ್ತಿದರು. ನಾಲ್ಕು ಹೆಸರಿನ ಸಾಲು ಮೂರಾಯಿತು. ನನ್ನ ಜಾಗಕ್ಕೆ ಕೆಳಗಿನ ಹೆಸರು ಮೇಲೆ ಸರಿಯಿತು. "ಆಯ್ತಮ್ಮ" ಎಂದು ಚೀಟಿ ಕೊಟ್ಟರು. ವಾಪಸು ಬರುವಾಗ ಬಸ್ಸಿನಲ್ಲಿ ಕಂಡಕ್ಟರು ನನ್ನ ಅಕ್ಕಪಕ್ಕದವರಿಗೆಲ್ಲ ಟಿಕೆಟ್ ಕೊಟ್ಟು ನನ್ನನ್ನು ದಾಟಿ ಹೋದರು. ಆಧಾರ್ ಕಾರ್ಡು ಚಾಚಿಕೊಂಡು ಎರಡು ಸಲ ಸರ್ ಎಂದೆ. ಮೂರನೆಯ ಸಲಕ್ಕೆ ತಿರುಗಿ, "ಅರೆ, ನೀವಿಲ್ಲಿದ್ರಾ?" ಎಂದರು. ಕಿಟಕಿಯಾಚೆ ಚೆಂಡು ಹೂವಿನ ಹೊಲಗಳು ಮೋಡದ ಕೆಳಗೆ ಹಳದಿಯಾಗಿ ಉರಿಯುತ್ತಿದ್ದವು, ಒಬ್ಬ ಮನುಷ್ಯನೂ ಕಾಣಿಸಲಿಲ್ಲ. ಆಗ ಹೊಳೆಯಿತು. ಇನ್ನೊಂದು ಕಾರ್ಡಿಗೆ ಸೇರುವವರೆಗೆ ನಾನು ಯಾವ ಪಟ್ಟಿಯಲ್ಲೂ ಇಲ್ಲ. ಸರ್ಕಾರದ ಲೆಕ್ಕದಲ್ಲಿ ಮಾವ ಇದ್ದರು, ನಾನಿರಲಿಲ್ಲ.

ಮನೆಯಲ್ಲಿ ಅಕ್ಕಿ ಡಬ್ಬಿಯ ತಳ ಕಾಣುತ್ತಿತ್ತು. ಇವರಿಗೆ ಮೂಳೆ ಕೂಡಬೇಕು, ಅನು ಬೆಳೆಯುವ ಮಗು, ಅತ್ತೆಗೆ ವಯಸ್ಸಾಗಿದೆ. ನಾನು ಎಲ್ಲರಿಗೂ ಬಡಿಸಿ ಕೊನೆಗೆ ಗಂಜಿಯ ತಿಳಿಗೆ ಉಪ್ಪು ಹಾಕಿ ಕುಡಿಯುತ್ತಿದ್ದೆ. ಅದೇನು ತ್ಯಾಗವೆಂದು ಮಾಡಿದ್ದಲ್ಲ, ಪಾತ್ರೆಯಲ್ಲಿ ಉಳಿಯುತ್ತಿದ್ದುದೇ ಅಷ್ಟು. ಅಡುಗೆಮನೆಯ ಬಾಗಿಲಿಗೆ ಬೆನ್ನು ಮಾಡಿ ನಿಂತು ಕುಡಿಯುತ್ತಿದ್ದೆ. ಸಣ್ಣಪುಟ್ಟದ್ದನ್ನೆಲ್ಲ ಗಮನಿಸುವವಳು ನಾನೊಬ್ಬಳೇ ಎಂದುಕೊಂಡಿದ್ದೆ. ಒಂದು ಮಧ್ಯಾಹ್ನ ತಿರುಗಿದರೆ ಅತ್ತೆ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ. ಲೋಟ ನನ್ನ ಕೈಯಿಂದ ತೆಗೆದುಕೊಂಡು ಒಳಗೆ ನೋಡಿದರು.

"ಎಷ್ಟ್ ದಿನದಿಂದ?"

ನಾನು ಸೆರಗಿನಿಂದ ಬಾಯಿ ಒರೆಸಿಕೊಂಡೆ.

"ನಾಳೆ ಓಗನ ನಡಿ ತಾಲೂಕಾಪೀಸ್ಗೆ" ಎಂದರು. "ಸತ್ತೋರ್ ಪಾಲ ಎಷ್ಟ್ ದಿನ ಉಂಡೀಯೆ? ನಿನ್ ಪಾಲ ನೀನ್ ಉಣ್ಣು."

ಸತ್ತೋರು ಎಂಬ ಮಾತನ್ನು ಅತ್ತೆ ಮಾವನ ವಿಷಯದಲ್ಲಿ ಆಡಿದ್ದು ಅದೇ ಮೊದಲು.

ತಾಲ್ಲೂಕು ಕಚೇರಿಯ ಆಹಾರ ಶಾಖೆಯಲ್ಲಿ ಇದ್ದವಳು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಾನು ಅರ್ಜಿಯನ್ನು ಕಾನ್ವೆಂಟಿನ ದುಂಡಕ್ಷರದಲ್ಲಿ ತುಂಬಿದ್ದೆ, ಮರಣ ಪತ್ರ ಲಗತ್ತಿಸಿದ್ದೆ. ಅವಳು ಎಲ್ಲವನ್ನೂ ನೋಡಿ ಅತ್ತೆಯ ಕಡೆ ತಿರುಗಿದಳು. "ಅಜ್ಜಿ, ಕಾರ್ಡಿನ ಮುಖ್ಯಸ್ಥರು ನೀವೇ ತಾನೆ? ಯಾರ ಹೆಸರು ತೆಗೀಬೇಕು, ನಿಮ್ಮ ಬಾಯಲ್ಲೇ ಹೇಳಿ."

ಅತ್ತೆ ಗಂಡನ ಹೆಸರು ಹೇಳಿದವರಲ್ಲ. ಮದುವೆಯಾದಂದಿನಿಂದ ಒಮ್ಮೆಯೂ ಇಲ್ಲ. ಬೆಟ್ಟದ ಮಾದಪ್ಪನಿಗೆ ಹರಕೆ ಕಟ್ಟುವಾಗಲೂ ಬೆಟ್ಟದಪ್ಪ ಎನ್ನುತ್ತಿದ್ದರು, ದೇವರ ಹೆಸರೂ ಗಂಡನ ಹೆಸರೂ ಒಂದೇ ಎಂದು. ನಾನು ಹೇಳಲು ಬಾಯಿ ತೆರೆದೆ. ಅತ್ತೆ ನನ್ನ ಮುಂಗೈ ಹಿಡಿದರು. ತಣ್ಣಗಿದ್ದ ಕೈ, ಗೆರೆಯಿಲ್ಲದ ನುಣುಪು. ಸೆರಗು ಎಳೆದುಕೊಂಡು, ಯಾರನ್ನೋ ಕೂಗುವಾಗ ಹೇಳುವಂತೆ, ಇಡೀ ಕೋಣೆಗೆ ಕೇಳುವಂತೆ ಹೇಳಿದರು.

"ಮಾದಪ್ಪ."

ಕೋಣೆಯಲ್ಲಿದ್ದವರು ತಲೆಯೆತ್ತಿದರು. ಅತ್ತೆ ಬಾಗಿಲ ಕಡೆ ನೋಡುತ್ತಿದ್ದರು. ನಾನೂ ನೋಡಿದೆ. ಬಾಗಿಲಲ್ಲಿ ಯಾರೂ ಇರಲಿಲ್ಲ, ಮಳೆ ಮಾತ್ರ ಇತ್ತು. ಆ ಹುಡುಗಿ ಗುಂಡಿ ಒತ್ತಿದಳು. ಆಮೇಲೆ ಕಣ್ಣಿನ ಯಂತ್ರವನ್ನು ಅತ್ತೆಯ ಮುಖಕ್ಕೆ ಹಿಡಿದಾಗ ಅದು ಮೊದಲ ಸಲಕ್ಕೇ ಹಿಡಿಯಿತು. "ಕಣ್ಣು ಚೆನ್ನಾಗಿದೆ ಅಜ್ಜಿ" ಎಂದಳು ಅವಳು. ಅತ್ತೆಯ ಕಣ್ಣು ತುಂಬಿತ್ತು. ಯಂತ್ರಕ್ಕೆ ಅದು ಅಡ್ಡಿಯಾಗಲಿಲ್ಲ.

ಇವರನ್ನು ನಂಜುಂಡಸ್ವಾಮಿಯೂ ರತ್ನಮ್ಮನ ಗಂಡನೂ ಕುರ್ಚಿ ಸಮೇತ ಎತ್ತಿ ತಂದು ಹೆಬ್ಬೆಟ್ಟು ಕೊಡಿಸಿದರು. ಹನ್ನೊಂದು ದಿನದ ಮೇಲೆ ನನ್ನ ಹೆಸರೂ ಅನುವಿನ ಹೆಸರೂ ಕಾರ್ಡಿಗೆ ಬಂದವು. ಮುಂದಿನ ತಿಂಗಳ ಅಕ್ಕಿಗೆ ನಾನೇ ಯಂತ್ರಕ್ಕೆ ಹೆಬ್ಬೆಟ್ಟು ಇಟ್ಟೆ. ಹಸಿರು. ಎರಡು ಉಸಿರಿನಷ್ಟು ಹೊತ್ತಿನಲ್ಲಿ ಎಲ್ಲ ಮುಗಿಯಿತು. ಅತ್ತೆ ಮಾತ್ರ ತಕ್ಕಡಿಯ ಪಕ್ಕದಿಂದ ಕದಲಲಿಲ್ಲ.

"ಆಯ್ತಾ?"

"ಆಯ್ತು ಅತ್ತೆ."

"ನಂಬ್ರು ಕೇಳ್‌ನಿಲ್ವಾ?"

"ಇನ್ನು ಕೇಳಲ್ಲ."

ಹಸಿರು ಸೀರೆ ಉಟ್ಟು ಬಂದಿದ್ದರು. ದಾರಿಯುದ್ದಕ್ಕೂ ಅವರು ಹಿಂದೆ, ನಾನು ಮುಂದೆ.

ಕೆಲವು ದಿನಕ್ಕೆ ಮಾರ್ನಮಿ ಬಂತು, ಹಿರಿಯರಿಗೆ ಎಡೆ ಇಡುವ ಹಬ್ಬ. ಅತ್ತೆ ಸೊಸೈಟಿ ಅಕ್ಕಿಯನ್ನೇ ಮೊರಕ್ಕೆ ಸುರಿದು, ಮೂರು ತಿಂಗಳಿನಿಂದ ಬಿಟ್ಟಿದ್ದ ಬಿಳಿ ಕಾಳುಗಳನ್ನು ಒಂದೂ ಉಳಿಯದಂತೆ ಆರಿಸಿದರು. ಪಾವಿನಲ್ಲಿ ಅಳೆದರು. ಮೊದಲ ಪಾವಿಗೆ ತುಟಿ ಅಲ್ಲಾಡಿತು, ಸದ್ದು ಬರಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ನಡುಮನೆಯಲ್ಲಿ ಮಾವನ ಪಂಚೆ, ರುಮಾಲು ಇಟ್ಟು, ಎಲೆಯ ಮೇಲೆ ಅನ್ನ, ಹುರುಳಿ ಸಾರು, ವಡೆ, ಎಲೆಅಡಿಕೆ ಬಡಿಸಿ, ಧೂಪ ಹಾಕಿದೆವು. ಹಿರಿಯರು ಬಂದು ಉಣ್ಣುವಾಗ ನಾವು ನೋಡಬಾರದು. ಬಾಗಿಲು ಮುಂದಕ್ಕೆಳೆದು ಎಲ್ಲರೂ ಜಗಲಿಯ ಮೇಲೆ ಕೂತೆವು. ಇವರು ಊರುಗೋಲು ತೊಡೆಯ ಮೇಲಿಟ್ಟುಕೊಂಡಿದ್ದರು. ಅನು ನನ್ನ ಮಡಿಲಿಗೆ ಒರಗಿದ್ದಳು.

ಮುಚ್ಚಿದ ಬಾಗಿಲ ಒಳಗೆ ಫೋನು ರಿಂಗಾಯಿತು.

ನನ್ನದೇ ಫೋನು. ಚಾರ್ಜಿಗೆ ಹಾಕಿ ಮರೆತಿದ್ದೆ. ಎದ್ದು ಹೋಗಲು ನೋಡಿದರೆ ಅತ್ತೆ ಕೈ ಅಡ್ಡ ಹಿಡಿದರು. ಒಂದು, ಎರಡು, ಮೂರು. ನಾನು ಎಣಿಸುತ್ತಿದ್ದೆ. ಬಾಗಿಲ ಸಂದಿಯಲ್ಲಿ ಧೂಪದ ಹೊಗೆ ತೆಳ್ಳಗೆ ಹೊರಗೆ ಬರುತ್ತಿತ್ತು. ರಿಂಗು ನಿಂತಿತು. ನಮ್ಮಲ್ಲಿ ಯಾರೂ ಇನ್ನೊಬ್ಬರ ಮುಖ ನೋಡಲಿಲ್ಲ.

ಇಷ್ಟು ಹೊತ್ತು ಸಾಕು ಎನ್ನಿಸಿದಾಗ ಅತ್ತೆ ಎದ್ದು, ಪದ್ಧತಿಯಂತೆ ಬಾಗಿಲನ್ನು ಮೂರು ಸಲ ತಟ್ಟಿ ತೆರೆದರು. ದೀಪ ಉರಿಯುತ್ತಿತ್ತು. ಎಲೆಯ ಮೇಲೆ ಇಟ್ಟದ್ದು ಇಟ್ಟ ಹಾಗೇ ಇತ್ತು. ಗೂಡಿನಲ್ಲಿದ್ದ ಫೋನು ಮತ್ತೆ ಬೆಳಗಿತು. ಮಂಜು, ಬಿಳಿ ರುಮಾಲು, ಮುಖ. ಕೆಳಗೆ 'ಮಾವ' ಎಂದು.

ನಾನು ಎತ್ತಿ ಸ್ಪೀಕರ್ ಒತ್ತಿದೆ. ಎರಡು ಸಲ ಕೆಮ್ಮು.

"ಈ ತಿಂಗ್ಳು ನಂಬ್ರು ಬರ್ನಿಲ್ಲ" ಎಂದಿತು ದನಿ. "ಅಕ್ಕಿ ಈಸ್ಕಂಡ್ರಾ?"

ಅತ್ತೆ ಮುಂದೆ ಬಂದರು. ಈ ಸಲ ಅಲ್ಲಿ ಹೊರಗಿನವರು ಯಾರೂ ಇರಲಿಲ್ಲ.

"ಈಸ್ಕಂಡೊ" ಎಂದರು. "ಸೊಸೆ ತಂಬು ಕೊಟ್ಟು ಈಸ್ಕಂಡ್ಳು. ಅವ್ಳ ಎಸ್ರೂ ಬಂತು, ಮಗಿನ್ ಎಸ್ರೂ ಬಂತು." ಎಲೆಯ ಕಡೆ ನೋಡಿದರು. "ಉಂಡ್ರಾ?"

ಆ ಕಡೆ ಯಾರೋ ನಿಧಾನವಾಗಿ ಉಸಿರು ಬಿಟ್ಟರು.

"ಈಗುಂಡೆ" ಎಂದಿತು ದನಿ. ಕಟ್ಟಾಯಿತು.

ಇವರು ಬಾಗಿಲಿಗೆ ಒರಗಿ ನಿಂತಿದ್ದರು. ಮರೆತು ಕಾಲನ್ನು ನೆಲಕ್ಕೆ ಊರಿದ್ದರು. ಅತ್ತೆ ಎಲೆಯ ಮುಂದೆ ಕೂತು, ಎಡೆಯ ಅನ್ನವನ್ನು ಕೈಯಲ್ಲಿ ಕಲಸಿ, ಮೊದಲ ತುತ್ತನ್ನು ನನ್ನ ಕಡೆ ಚಾಚಿದರು.

"ನಂಬ್ರ ತಗ್ದಾಕ್‌ಬುಡು ಸೋಬ. ಉಂಡವ್ರೆ" ಎಂದರು. "ನೀನುಣ್ಣು."